ಸರ್ವರ್‌ಗೆ ಸಿಕ್ಕ ಫ್ಯಾನು

ನಮ್ಮ ಕಚೇರಿಯ ಸರ್ವರ್ ನೋಡಿಕೊಳ್ಳುವ ಗುಮಾಸ್ತ ನಾನು. ಅದರ ಬಗ್ಗೆ ನನಗೆ ಗೊತ್ತಿರುವುದು ಎರಡೇ ವಿಷಯ. ಬಿಸಿ ಏರಿದರೆ ಅದರ ಫ್ಯಾನು ಜೋರಾಗಿ ತಿರುಗುತ್ತದೆ. ಬಿಸಿ ಮಿತಿ ಮೀರಿದರೆ, ಸುಟ್ಟುಹೋಗಬಾರದೆಂದು ಅದು ತಾನೇ ಆಫ್ ಆಗುತ್ತದೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಪಕ್ಕದ ಕೋಣೆಯ ಕುಂಟೋಜಿ ಸಾಹೇಬರು ಕರೆಸಿದರು.

"ಏನ್ರೀ ಆ ಸರ್ವರ್ ಗದ್ದಲ? ಇವತ್ತೇ ಫ್ಯಾನ್ ಸ್ಪೀಡ್ ಇಳಿಸಿ. ಇಲ್ಲಾಂದ್ರೆ ನಿಮ್ಮನ್ನ ಹಳೇ ಕಡತದ ಕೋಣೆಗೆ ಹಾಕ್ತೀನಿ."

ಎದುರು ಮಾತಾಡುವ ಧೈರ್ಯ ನನಗೆ ಹುಟ್ಟಿನಿಂದಲೂ ಇಲ್ಲ. "ಆಗಲಿ ಸರ್. ಮೊದಲು ನಿಮ್ಮ ಫ್ಯಾನ್ ಸ್ಪೀಡ್ ಇಳಿಸಿ ನೋಡೋಣ. ಎಷ್ಟಿದ್ರೆ ಸಾಕು ಅಂತ ನೀವೇ ಹೇಳಿ, ಅದಕ್ಕೂ ಅಷ್ಟೇ ಇಡ್ತೀನಿ" ಎಂದು ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿ ನಿಂತೆ.

ಸಾಹೇಬರು ಕಡತ ತೆರೆದರು. ಅಂಗಿಯ ಗುಂಡಿ ಬಿಚ್ಚಿದರು. ಅದೇ ಕಡತದಿಂದ ಗಾಳಿ ಬೀಸಿಕೊಂಡರು. ಐದನೇ ನಿಮಿಷಕ್ಕೆ ಎದ್ದು ಹೊರಗಿನ ಬೇವಿನ ಮರದ ಕೆಳಗೆ ಹೋಗಿ ನಿಂತರು.

ನಾನೂ ಹಿಂದೆಯೇ ಹೋದೆ. "ಸರ್ವರ್ ಕೂಡ ಹೀಗೇ ಸರ್. ತಡೆಯೋಕಾಗದಿದ್ರೆ ಕೆಲಸ ಬಿಟ್ಟುಬಿಡುತ್ತೆ."

ಸಾಹೇಬರಿಗೆ ಕರುಣೆ ಉಕ್ಕಿತು. "ಪಾಪ, ಅದಕ್ಕೆ ಇನ್ನೊಂದು ಫ್ಯಾನ್ ಇಡಿ" ಎಂದು ಅಪ್ಪಣೆಯಾಯಿತು. ಕಚೇರಿಯಲ್ಲಿ ಎತ್ತಿಡಬಹುದಾದ ಫ್ಯಾನು ಇದ್ದದ್ದು ಒಂದೇ, ನನ್ನ ಮೇಜಿನ ಮೇಲಿನದು.

ಈಗ ಸರ್ವರ್ ತಣ್ಣಗಿದೆ, ಗದ್ದಲವೂ ಇಲ್ಲ. ನಾನು ಬೆವರುತ್ತಾ ಕೂತಿದ್ದೇನೆ. ಬಿಸಿ ಮಿತಿ ಮೀರಿದರೆ ತಾನೇ ಆಫ್ ಆಗುವ ಸೌಲಭ್ಯ ಗುಮಾಸ್ತರಿಗೆ ಇನ್ನೂ ಮಂಜೂರಾಗಿಲ್ಲ.