ಸಲೀಸು

ಕೆರೆಗೂ ನಾಲೆಗೂ ನಡುವೆ ಒಂದು ಸಣ್ಣ ಮಠ. ಆ ಮಠದ ಗುರುವಿಗೆ ಸುತ್ತಲಿನ ಜನ ಇಟ್ಟ ಹೆಸರು ಸೈಕಲ್ ಬುದ್ಧಿ.

ಹೆಸರು ಸುಮ್ಮನೆ ಬಂದದ್ದಲ್ಲ. ಬೆಳಗಿನ ಪೂಜೆ ಮುಗಿಯುತ್ತಲೇ ಗುರುಗಳು ಕಾವಿ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ದಪ್ಪ ಟೈರಿನ ಸೈಕಲ್ ಹತ್ತುತ್ತಿದ್ದರು. ಕೆರೆ ಏರಿಯ ಮೇಲೆ ಹೊರಟು, ತೂಬಿನ ಹತ್ತಿರ ತಿರುಗಿ, ನಾಲೆ ಏರಿಯ ಮಣ್ಣು ದಾರಿ ಹಿಡಿದು ಮಠಕ್ಕೆ ವಾಪಸ್ಸು. ಅವರ ಜಪ, ತಪ, ಧ್ಯಾನ ಎಲ್ಲವೂ ಅದೇ.

ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ಶಿಷ್ಯ ಶಂಭುಲಿಂಗ. ಅವನಿಗೆ ಗುರು ಕೊಟ್ಟ ಸಾಧನೆ ಒಂದೇ. ದಾರಿಯಲ್ಲಿ ಕಂಡದ್ದನ್ನು ಗಟ್ಟಿಯಾಗಿ ಕೂಗಿ ಹೇಳಬೇಕು. ಜಲ್ಲಿ ಕಂಡರೆ "ಜಲ್ಲಿ". ಗುಂಡಿ ಕಂಡರೆ "ಗುಂಡಿ, ಎಡಕ್ಕೆ". ಏನೂ ಅಡ್ಡಿಯಿಲ್ಲದಿದ್ದರೆ "ಸಲೀಸು".

ಶಂಭುಲಿಂಗನಿಗೆ ಇದು ಮೊದಲಿನಿಂದಲೂ ತಲೆಕೆಳಗಾಗಿ ಕಂಡಿತ್ತು.

"ಬುದ್ಧಿ, ಮುಂದೆ ಹೋಗೋರು ಹಿಂದಿನೋರ್ಗೆ ಕೂಗಿ ಹೇಳೋದಲ್ವಾ?" ಎಂದು ಒಮ್ಮೆ ಕೇಳಿದ್ದ.

"ನಾನು ಕೂಗಿದ್ರೆ ನೀನು ಕೇಳ್ತೀಯೆ. ನೀನು ಕೂಗಿದ್ರೆ ನೀನು ನೋಡ್ತೀಯೆ," ಎಂದರು ಗುರು.

ಒಪ್ಪುವ ಮಾತೇ. ಶಂಭುಲಿಂಗ ಒಪ್ಪಿದ, ನೋಡಿದ, ಕೂಗಿದ.

ಆದರೆ ದಾರಿ ಅದೇ ದಾರಿ. ನಿನ್ನೆಯ ಗುಂಡಿ ಇವತ್ತೂ ಅಲ್ಲೇ ಇರುತ್ತಿತ್ತು. ತೂಬಿನ ಬಳಿ ಜಲ್ಲಿ, ಹುಣಸೆಮರದ ಕೆಳಗೆ ಬೇರು, ಆಮೇಲೆ ನಾಲೆ ಉದ್ದಕ್ಕೂ ಸಲೀಸು. ಸಹಸ್ರನಾಮದ ಹಾಗೆ ಎಲ್ಲವೂ ಅವನಿಗೆ ಬಾಯಿಪಾಠವಾಯಿತು. ಬಾಯಿ ಕೂಗುತ್ತಿತ್ತು, ಕಣ್ಣು ಕೆರೆಯ ಬೆಳ್ಳಕ್ಕಿಗಳ ಮೇಲೆ ಇರುತ್ತಿತ್ತು, ಮನಸ್ಸು ಇನ್ನೆಲ್ಲೋ ಹೋಗಿರುತ್ತಿತ್ತು.

ಎಲ್ಲೋ ಅಂದರೆ ಮುಂದಕ್ಕೆ. ಗುರುವಿನ ಬೆನ್ನನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಒಂದು ದಿನವಾದರೂ ಮುಂದಿನ ಸೈಕಲ್ ತನ್ನದಾಗಬೇಕು.

ಆ ಕಾಲವೂ ಬಂತು. ಪೇಟೆಯ ಸವಾರರ ಒಂದು ಗುಂಪಿಗೆ ಈ ದಾರಿಯ ಸುದ್ದಿ ಮುಟ್ಟಿ, ಭಾನುವಾರ ಬರುತ್ತೇವೆ, ದಾರಿ ಬಲ್ಲವರೊಬ್ಬರು ಮುಂದೆ ಬಂದರೆ ಉಪಕಾರ ಎಂದು ಹೇಳಿ ಕಳಿಸಿದರು. ಮಕ್ಕಳೂ ಇರುತ್ತಾರಂತೆ.

ಶಂಭುಲಿಂಗ ಓಡಿಹೋಗಿ ಗುರುವಿನ ಮುಂದೆ ನಿಂತ.

"ಬುದ್ಧಿ, ಅವ್ರನ್ನ ನಾನು ಕರ್ಕೊಂಡೋಗ್ಲಾ? ಕಣ್ಮುಚ್ಕೊಂಡು ಬೇಕಾದ್ರೂ ಈ ದಾರೀಲಿ ಹೋಗ್ಬಲ್ಲೆ."

ಗುರುಗಳು ಜೋರಾಗಿ ನಕ್ಕರು. ಅಷ್ಟು ನಗುವಂಥದ್ದು ಏನಿತ್ತು ಎಂದು ಅವನಿಗೆ ತಿಳಿಯಲಿಲ್ಲ.

"ಹಂಗಾ? ಸರಿ, ಬೆಳಿಗ್ಗೆ ಒಂದು ಸುತ್ತು ಹೋಗಿ ಬರಾಣ. ಆಮೇಲೆ ಹೇಳ್ತೀನಿ."

ಬೆಳಿಗ್ಗೆ ಹೊರಟರು. ಶಂಭುಲಿಂಗನಿಗೆ ಹಿಗ್ಗೋ ಹಿಗ್ಗು. ಭಾನುವಾರ ಯಾವ ಅಂಗಿ ಹಾಕಬೇಕು, ತೂಬಿನ ಹತ್ತಿರ ಸೈಕಲ್ ನಿಲ್ಲಿಸಿ ಏನು ಹೇಳಬೇಕು ಎಂದು ಲೆಕ್ಕ ಹಾಕುತ್ತಲೇ ಕೂಗುತ್ತಿದ್ದ.

"ಜಲ್ಲಿ! ಗುಂಡಿ, ಎಡಕ್ಕೆ! ಬೇರು!"

ಗುರುವಿನ ಸೈಕಲ್ ಎಡಕ್ಕೆ ಹೊರಳಿತು, ಬೇರಿನ ಮೇಲೆ ಮೆಲ್ಲಗೆ ಹತ್ತಿ ಇಳಿಯಿತು.

ನಾಲೆ ಏರಿಯ ಮೇಲೆ ಆಡು ಮೇಯಿಸುತ್ತಿದ್ದ ಚಿಕ್ಕತಾಯಮ್ಮ ದೂರದಿಂದಲೇ ಇವರನ್ನು ಕಂಡು ಆಡುಗಳನ್ನೆಲ್ಲ ಪಕ್ಕಕ್ಕೆ ಅಟ್ಟಿದಳು. ದಿನವೂ ಹಾಗೇ ಮಾಡುತ್ತಿದ್ದಳು. ಎಂಥ ಭಕ್ತಿ ಎಂದುಕೊಳ್ಳುತ್ತಿದ್ದ ಶಂಭುಲಿಂಗ.

ಇವತ್ತು ಮಾತ್ರ ಅವಳು ಕೈಬೀಸಿ ಏನೋ ಅರಚಿದಳು. ನಾಲೆಯಲ್ಲಿ ನೀರು ತುಂಬಿ ಭೋರೆನ್ನುತ್ತಿತ್ತು. ಶಂಭುಲಿಂಗನಿಗೆ ಮಾತು ಕೇಳಲಿಲ್ಲ. ಅವನೂ ಕೈಬೀಸಿದ.

"ಸಲೀಸು!" ಎಂದು ಕೂಗಿದ.

ಗುರುವಿನ ಸೈಕಲ್ ಮಾಯವಾಯಿತು.

ಯಾರೋ ಗದ್ದೆಗೆ ಪೈಪು ಎಳೆಯಲು ಏರಿಯನ್ನು ಅಡ್ಡಡ್ಡಲಾಗಿ ಅಗೆದು ಹಾಗೇ ಬಿಟ್ಟು ಹೋಗಿದ್ದರು. ಮಂಡಿಯಾಳದ ಕಂದಕ. ಮುಂದಿನ ಗಾಲಿ ಅದರೊಳಗೆ ಬಿದ್ದ ರಭಸಕ್ಕೆ ಗುರುಗಳು ಹಾರಿ ನಾಲೆಗೆ ಬಿದ್ದರು.

ಶಂಭುಲಿಂಗ ಗಕ್ಕನೆ ಬ್ರೇಕ್ ಹಿಡಿದ. ಇಷ್ಟು ಅಗಲದ ಕಂದಕ! ಎಳೆ ಮಗುವಿಗೂ ಕಾಣುವಂಥದ್ದು. ಬುದ್ಧಿಯವರು ನೇರವಾಗಿ ಅದಕ್ಕೇ ಹೇಗೆ ಹೋದರು?

ಸೈಕಲ್ ಎಸೆದು ದಂಡೆಗೆ ಓಡಿದ. ಗುರುಗಳು ಎದೆಮಟ್ಟ ನೀರಿನಲ್ಲಿ ಒಂದು ಜೊಂಡಿನ ಬುಡ ಹಿಡಿದು ನಿಂತಿದ್ದರು. ಸೆಳೆತಕ್ಕೆ ಮೈ ವಾಲುತ್ತಿತ್ತು.

ಶಂಭುಲಿಂಗ ಬೋರಲು ಮಲಗಿ ತೋಳು ಚಾಚಿದ. "ಬುದ್ಧಿ, ಕೈ ಕೊಡಿ!"

ಗುರುಗಳು ಕೈ ಚಾಚಿದರು. ಅವನ ಕಡೆಗಲ್ಲ, ನಾಲೆಯ ನಡುವಿಗೆ.

"ಇಲ್ಲಿ ಬುದ್ಧಿ! ಇಲ್ಲಿದೀನಿ!"

ಕೈ ದನಿ ಬಂದ ದಿಕ್ಕಿಗೆ ತಿರುಗಿತು. ಗಾಳಿಯಲ್ಲಿ ತಡಕಾಡಿತು. ಅವನ ಬೆರಳುಗಳ ಪಕ್ಕದಲ್ಲೇ ಹಾದು ಇನ್ನೂ ಆಚೆಗೆ ಹೋಯಿತು.

ಶಂಭುಲಿಂಗ ಅವರ ಮುಖ ನೋಡಿದ. ಗುರುವಿನ ಕಣ್ಣುಗಳು ತೆರೆದೇ ಇದ್ದವು. ಅವು ತನ್ನನ್ನು ನೋಡುತ್ತಿಲ್ಲ. ಯಾವುದನ್ನೂ ನೋಡುತ್ತಿಲ್ಲ.

ಚಿಕ್ಕತಾಯಮ್ಮ ಆಡಿನ ಹಗ್ಗ ಹಿಡಿದು ಓಡಿ ಬಂದಳು. ಶಂಭುಲಿಂಗ ನೀರಿಗೆ ಧುಮುಕಿ ಗುರುವಿನ ನಡು ಹಿಡಿದ. ಅವಳು ಹಗ್ಗದ ಒಂದು ತುದಿಯನ್ನು ದಂಡೆಯ ಮರಕ್ಕೆ ಸುತ್ತಿ, ಇನ್ನೊಂದನ್ನು ಅವನಿಗೆ ಎಸೆದು ಇಬ್ಬರನ್ನೂ ದಂಡೆಗೆ ಎಳೆದಳು. ಎಳೆದು ಮುಗಿದ ಮೇಲೆ ಶಂಭುಲಿಂಗನಿಗೆ ಸರಿಯಾಗಿ ಮಂಗಳಾರತಿ ಎತ್ತಿದಳು.

"ಬಾಯಿ ಬಡ್ಕೊಂಡ್ನಲ್ಲೋ ಹಳ್ಳ ತೋಡವ್ರೆ ಅಂತ! ಅದೇನ್ ನೋಡ್ಕೊಂಡು ಸಲೀಸು ಅಂದೆ?"

"ನಂಗೆ... ಬುದ್ಧಿಯೋರ್ಗೆ ಕಾಣ್ಸಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ ತಾಯಿ."

ಚಿಕ್ಕತಾಯಮ್ಮ ಕೆನ್ನೆಗೆ ಕೈ ಹಚ್ಚಿಕೊಂಡಳು.

"ಅಯ್ಯೋ ಸಿವ್ನೇ! ಕಣ್ ಮಬ್ಬಾಗಿ ವರ್ಸ ಆಯ್ತಲ್ಲಪ್ಪಾ! ಊರ್ಗೆಲ್ಲ ಗೊತ್ತು, ನಮ್ಮ ಆಡ್ಗೂ ಗೊತ್ತು. ಹಿಂದಿಂದೇ ಬರೋ ನಿಂಗೆ ಗೊತ್ತಿಲ್ವಾ?"

ಅವಳು ಗುರುವಿಗೆ ಕೈಮುಗಿದು, ಚೆದುರಿದ ಆಡುಗಳನ್ನು ಹುಡುಕಿಕೊಂಡು ಹೋದಳು.

ಶಂಭುಲಿಂಗ ಗುರುವಿನ ಪಕ್ಕ ಕೂತ. ಮಠದಲ್ಲಿ ಗುರುಗಳು ಎಲ್ಲೂ ಎಡವಿದ್ದನ್ನು ಅವನು ಕಂಡಿರಲಿಲ್ಲ. ಪುಸ್ತಕವನ್ನು ತನ್ನಿಂದ ಓದಿಸುತ್ತಿದ್ದರು, ಅದೂ ಪಾಠವೆಂದುಕೊಂಡಿದ್ದ. ಇಷ್ಟು ದಿನ ಈ ಏರಿಯ ಮೇಲೆ, ತುಂಬಿದ ನಾಲೆಯ ಅಂಚಿನಲ್ಲಿ, ಕಣ್ಣಿಲ್ಲದ ಮುದುಕರೊಬ್ಬರು ತನ್ನ ಬಾಯಿಮಾತನ್ನು ನಂಬಿ ಸೈಕಲ್ ತುಳಿದಿದ್ದರು.

"ಏನೂ ಕಾಣ್ಸಲ್ವಾ ಬುದ್ಧಿ?"

"ಬೆಳಕು ಕಾಣುತ್ತೆ. ನೀರು ಯಾವ ಕಡೆ ಹೊಳೀತದೆ ಅನ್ನೋದು ತಿಳೀತದೆ. ಮಿಕ್ಕಿದ್ದು ನಿನ್ನ ಬಾಯಲ್ಲಿತ್ತು."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನನ್ನ ನೋಡ್ಕೊಂಡು ಬರ್ತಿದ್ದೆ. ದಾರಿ ನೋಡ್ತಿರಲಿಲ್ಲ."

ಶಂಭುಲಿಂಗ ಅವರ ಒದ್ದೆ ಪಾದಗಳನ್ನು ಹಿಡಿದುಕೊಂಡ. ಒಂದು ಪಾದದ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಅವನಿಗೆ ಅಳು ತಡೆಯಲಾಗಲಿಲ್ಲ.

"ನಾನು ದಾರಿ ನೋಡ್ತಾನೇ ಇರ್ಲಿಲ್ಲ ಬುದ್ಧಿ. ಸುಮ್ನೆ ಬಾಯಿಗೆ ಬಂದಿದ್ದು ಕೂಗ್ತಿದ್ದೆ."

"ಗೊತ್ತು."

ಶಂಭುಲಿಂಗ ತಲೆ ಎತ್ತಿದ. "ಗೊತ್ತಾ?"

"ನೋಡಿ ಹೇಳೋ ಮಾತು ಒಂಚೂರು ತಡವಾಗಿ ಬರ್ತದೆ. ನಿಂದು ಈಚೀಚೆಗೆ ಗಾಲಿಗಿಂತ ಮುಂಚೆ ಓಡ್ತಿತ್ತು."

"ಗೊತ್ತಿದ್ದೂ ಸೈಕಲ್ ಹತ್ತಿದ್ರಾ?"

ಗುರುಗಳು ಪಂಚೆಯ ತುದಿ ಹಿಂಡುತ್ತಾ ಹೇಳಿದರು. "ಭಾನುವಾರ ಆ ಮಕ್ಕಳು ನಿನ್ನ ಮಾತು ಕೇಳ್ಕೊಂಡು ಬರ್ತಾರೆ. ಅವರಿಗಿಂತ ಮುಂಚೆ ಯಾರಾದ್ರೂ ಬೀಳಬೇಕಿತ್ತು. ನೀನು ಹಿಂದಿದ್ದೆ, ಮುಂದಿದ್ದೋನು ನಾನು."

ಶಂಭುಲಿಂಗ ನಾಲೆಯತ್ತ ತಿರುಗಿದ. ಈ ನೀರು, ಈ ಸೆಳೆತ, ಅದರೊಳಗೆ ಯಾರದೋ ಮಗು. ಅವನು ಕಣ್ಣು ಮುಚ್ಚಿಕೊಂಡ, ಮುಚ್ಚಿದರೂ ಅದೇ ಕಂಡಿತು.

ಗುರುಗಳು ಎದ್ದರು. ತಡಕಾಡುತ್ತಾ ಕಂದಕದ ಬಳಿಗೆ ಹೋಗಿ ಸೈಕಲ್ಲನ್ನು ಮೇಲೆಳೆದರು. ಮುಂದಿನ ಗಾಲಿಯನ್ನು ತೊಡೆಗಳ ನಡುವೆ ಸಿಕ್ಕಿಸಿ, ಸೊಟ್ಟಗಾಗಿದ್ದ ಹ್ಯಾಂಡಲ್ ತಿರುಗಿಸಿ ನೇರ ಮಾಡಿದರು. ಕಂದಕ ದಾಟಿ ಆಚೆ ದಡದಲ್ಲಿ ಸೈಕಲ್ ಏರಿ, ಒಂದು ಕಾಲು ನೆಲಕ್ಕೂರಿ ನಿಂತರು. ಮುಂದೆ ಮಠದವರೆಗೂ ಮಣ್ಣು ದಾರಿ, ಪಕ್ಕದಲ್ಲಿ ತುಂಬಿದ ನಾಲೆ.

"ಬೇಡ ಬುದ್ಧಿ!" ಶಂಭುಲಿಂಗ ಓಡಿಬಂದು ಹ್ಯಾಂಡಲ್ ಹಿಡಿದುಕೊಂಡ. "ನಿಮ್ಮ ದಮ್ಮಯ್ಯ. ಕೈ ಹಿಡ್ಕೊಂಡು ನಡ್ಸಿಕೊಂಡು ಹೋಗ್ತೀನಿ. ಭಾನುವಾರ ಅವ್ರಿಗೆ ಬರಬೇಡಿ ಅಂತ ಹೇಳಿ ಕಳಿಸ್ತೀನಿ. ನನ್ನ ಬಾಯಿ ಮೇಲೆ ನಂಗೇ ನಂಬಿಕೆ ಇಲ್ಲ!"

ಗುರುಗಳು ಅವನ ಕೈಯನ್ನು ಹ್ಯಾಂಡಲಿನಿಂದ ಮೆಲ್ಲಗೆ ಬಿಡಿಸಿದರು.

"ನಂಗೆ ನಂಬಿಕೆ ಬಂದಿದ್ದೇ ಈಗ ಕಣಪ್ಪಾ. ಹತ್ತು."