ಬೆಳ್ಳಿಯ ಬಾಣಂತನ

ಮಾಗಿ ಚಳಿಯಲ್ಲಿ ಪಟೇಲ ದ್ಯಾವೇಗೌಡರ ಹಸು ಬೆಳ್ಳಿ ಕರು ಹಾಕಿತು. ಕೊಟ್ಟಿಗೆಗೆ ಗೋಣಿತಾಟಿನ ಮರೆ ಕಟ್ಟಿಸಿ, ಕುಡಿಯೋಕೆ ಬಿಸಿನೀರು ಕೊಡೋಣ ಎಂದಳು ಕೆಲಸದ ಚಿಕ್ಕತಾಯಮ್ಮ.

"ದನಕ್ಕೆ ಎಂಥಾ ಚಳಿಯೇ? ಹೋಗು" ಎಂದರು ಗೌಡರು.

ಅಂದೇ ಬೀಗರು ಬಂದರು. ಗೌಡರು ಮೀಸೆ ತಿರುವುತ್ತ, "ಬೆಳ್ಳಿ ಬರೀ ಹಸುವಲ್ಲ, ನಮ್ಮ ಮನೆ ಮಗಳು" ಎಂದು ಕೊಚ್ಚಿಕೊಂಡರು. ಚಿಕ್ಕತಾಯಮ್ಮ ಕೇಳಿಸಿಕೊಂಡಳು.

ಬೆಳಿಗ್ಗೆ ಬೀಗರು ಎದ್ದು ನೋಡಿದರೆ, ನಡುಮನೆಯಲ್ಲಿ ಬೆಳ್ಳಿ ಗೌಡರ ಕಂಬಳಿ ಹೊದ್ದು, ಅವರ ಸ್ನಾನದ ಬಿಸಿನೀರು ಕುಡಿಯುತ್ತಿದೆ. ಪಕ್ಕದಲ್ಲಿ ಕರು.

"ಏನೇ ಇದು?" ಗೌಡರು ಗದರಿದರು.

"ಮಗಳು ಹೆತ್ತರೆ ಬಾಣಂತನ ತವರುಮನೇಲೇ ಅಲ್ವಾ ಗೌಡ್ರೇ?"

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡರಿಗೂ ನಗು ತಡೆಯಲಾಗಲಿಲ್ಲ.

"ಕೊಟ್ಟಿಗೆಗೆ ಮರೆ ಕಟ್ಟಿಸ್ತೀನಿ, ನೀರೂ ಕಾಯಿಸು. ಮಗಳನ್ನ ಗಂಡನ ಮನೆಗೆ ಕಳಿಸು ತಾಯಿ."

"ಆಗಲಿ ಗೌಡ್ರೇ. ತವರಿಂದ ಬರಿಗೈಲಿ ಕಳಿಸೋಕಾಗುತ್ತಾ? ಕಂಬಳಿ ಅವಳಿಗೇ ಇರಲಿ."