ನಾಮದಕೋಳಿಯ ಪಟ

ನಮ್ಮ ಪಟ್ಟಣದ ಕೆರೆಗೆ ಹೊರದೇಶದ ಹೆಬ್ಬಾತುಗಳು ಬಂದಿಳಿದವೆಂದರೆ ಸಾಕು, ಭಾನುವಾರ ಏರಿಯುದ್ದಕ್ಕೂ ಕ್ಯಾಮೆರಾದವರದೇ ಸಾಲು. ಹಣೆಗೆ ಬಿಳಿ ನಾಮವಿಟ್ಟಂತಿರುವ ಕರಿ ನಾಮದಕೋಳಿ ಮರಿಯೊಡನೆ ಈಜುತ್ತಿದ್ದರೆ ಹೆಬ್ಬಾತೊಂದು ಹಂಗಿಸಿತು: "ಸ್ವಲ್ಪ ಸರಿಯಮ್ಮ, ನಮ್ಮ ಪಟಕ್ಕೆ ನೀನು ಅಡ್ಡ."

"ಪಟ ನಿನ್ನದೇ ಆಗಲಪ್ಪ, ಕೆರೆ ನನ್ನದು," ಎಂದಿತು ಕೋಳಿ.

ಅಷ್ಟರಲ್ಲಿ ಮರಿಯ ಮೇಲೆ ಗಿಡುಗ ಎರಗಿತು. ಹೆಬ್ಬಾತುಗಳು ಹೆದರಿ ಹಾರಿದವು, ಕ್ಯಾಮೆರಾಗಳೂ ಅವುಗಳ ಹಿಂದೆಯೇ ಆಕಾಶಕ್ಕೆ ತಿರುಗಿದವು. ಕೋಳಿ ತನ್ನವರನ್ನೆಲ್ಲ ಕೂಗಿ ಕರೆಯಿತು. ಮರಿಯನ್ನು ನಡುವೆ ಹಾಕಿಕೊಂಡು ಎಲ್ಲವೂ ಒತ್ತೊತ್ತಾಗಿ ನಿಂತು ನೀರೆರಚಿದ ರಭಸಕ್ಕೆ ಗಿಡುಗ ತೊಯ್ದು ತೊಪ್ಪೆಯಾಗಿ ಬಂದ ದಾರಿ ಹಿಡಿಯಿತು.

"ಅಮ್ಮಾ, ನಮ್ಮ ಪಟ ಯಾರೂ ತೆಗೀಲೇ ಇಲ್ಲ," ಎಂದಿತು ಮರಿ.

ತಾಯಿ ರೆಕ್ಕೆ ಕೊಡವಿ ಹೇಳಿತು: "ಗಿಡುಗ ನೋಡಿಕೊಂಡು ಹೋಯಿತಲ್ಲ ಮಗಾ, ಅಷ್ಟು ಸಾಕು."